ಒಂಬತ್ತು ಚಳಿಗಾಲ ಆಡದ ತಂಡಕ್ಕೆ ವಯಸ್ಸೆಷ್ಟು?

ಮಡಿಕೇರಿಯ ಓದುಗರೊಬ್ಬರ ಪತ್ರದ ಸಾರ: ‘ಮಗಳ ಮನೆಗೆಂದು ಕೆನಡಾದ ಓಶವಾಕ್ಕೆ ಹೋಗಿದ್ದಾಗ ಅಲ್ಲಿನ ಜೂನಿಯರ್ ಐಸ್ ಹಾಕಿ ತಂಡ ಓಶವಾ ಜನರಲ್ಸ್‌ನ ಪಂದ್ಯ ನೋಡಿದೆ. ಕೊಂಡು ತಂದ ಟೋಪಿಯ ಮೇಲೆ 1937 ಎಂದಿದೆ. ಆದರೆ 1953ರಲ್ಲಿ ತಂಡವೇ ಮುಚ್ಚಿತ್ತೆಂದು ಅಳಿಯ ಹೇಳುತ್ತಾನೆ. ನಿಮ್ಮ ಕಳೆದ ಸಂಚಿಕೆಯಲ್ಲಿ ಈ ತಂಡ “1937ರಿಂದ ಸತತವಾಗಿ” ಆಡುತ್ತಿದೆ, “ಸತತ ಏಳು ವರ್ಷ ರಾಷ್ಟ್ರೀಯ ಚಾಂಪಿಯನ್” ಆಗಿತ್ತು ಎಂದು ಬರೆದಿದ್ದೀರಿ. ಯಾವುದು ನಿಜ?’

ಸಂಪಾದಕರ ಉತ್ತರ:

ನಿಮ್ಮ ಅಳಿಯ ಹೇಳಿದ್ದು ಸರಿ. ತಪ್ಪು ನಮ್ಮದು, ಅದೂ ಒಂದಲ್ಲ, ಎರಡು.

ಮೊದಲು ಸುಲಭದ್ದನ್ನು ಮುಗಿಸೋಣ. ಜನರಲ್ಸ್ 1938ರಿಂದ 1944ರವರೆಗೆ ಸತತ ಏಳು ಬಾರಿ ಗೆದ್ದದ್ದು ಜೆ. ರಾಸ್ ರಾಬರ್ಟ್‌ಸನ್ ಕಪ್. ಅದು ಒಂಟಾರಿಯೊ ಪ್ರಾಂತ್ಯದ ಮೇಲ್ಮಟ್ಟದ ಜೂನಿಯರ್ ಲೀಗಿನದು. ಕೆನಡಾ ಇಡಿಯ ಜೂನಿಯರ್ ಪ್ರಶಸ್ತಿ ಮೆಮೋರಿಯಲ್ ಕಪ್. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ 1919ರಲ್ಲಿ ಇಟ್ಟದ್ದು. ಆ ಏಳು ವರ್ಷಗಳಲ್ಲಿ ಅದು ಓಶವಾಕ್ಕೆ ಬಂದದ್ದು 1939, 1940 ಮತ್ತು 1944ರಲ್ಲಿ ಮಾತ್ರ. 1938, 1942, 1943ರಲ್ಲಿ ಫೈನಲ್‌ವರೆಗೆ ಹೋಗಿ ಸೋತಿತು, 1941ರಲ್ಲಿ ಫೈನಲ್ಲನ್ನೂ ಮುಟ್ಟಲಿಲ್ಲ. ಕೆನಡಾದ ಪತ್ರಿಕೆಗಳಲ್ಲಿ ಬರಿಯ ‘ಚಾಂಪಿಯನ್’ ಎಂಬ ಪದ ಕಂಡರೆ ಯಾವ ಕಪ್ಪು ಎಂದು ಕೇಳಿಕೊಳ್ಳದೆ ಮುಂದೆ ಹೋಗಬಾರದು. ನಾವು ಕೇಳಿಕೊಳ್ಳಲಿಲ್ಲ. ಇನ್ನೊಂದು ಎಡವಟ್ಟು ಇಸವಿಯದು: ಅಲ್ಲಿನ ಋತು ಸೆಪ್ಟೆಂಬರಿನಲ್ಲಿ ಶುರುವಾಗಿ ಮುಂದಿನ ವರ್ಷದ ಬೇಸಿಗೆಯ ಹೊಸ್ತಿಲಲ್ಲಿ ಮುಗಿಯುತ್ತದೆ. 1943-44ರ ಋತುವಿನ ಕಪ್ಪನ್ನು 1944ರ ಲೆಕ್ಕಕ್ಕೇ ಹಾಕಬೇಕು.

1944ರ ಆ ಕಪ್ಪಿನಲ್ಲೂ ಒಂದು ಸ್ವಾರಸ್ಯವಿದೆ. ಆಗ ಲೀಗ್ ಗೆದ್ದ ತಂಡ ಮುಂದಿನ ಸುತ್ತಿಗೆ ಸೋತ ತಂಡದ ಹುಡುಗರನ್ನು ಎರವಲು ಪಡೆಯಬಹುದಿತ್ತು. ಓಶವಾ ಹಾಗೆ ಟೊರಾಂಟೊದ ಸೇಂಟ್ ಮೈಕಲ್ಸ್ ತಂಡದಿಂದ ಕರೆತಂದವರಲ್ಲಿ ಟೆಡ್ ಲಿಂಡ್ಸೆ ಒಬ್ಬ, ಮುಂದೆ ಡೆಟ್ರಾಯಿಟ್‌ನ ದೊಡ್ಡ ಆಟಗಾರನಾದವನು. ಅಂದರೆ ಜನರಲ್ಸ್‌ನ ಇತಿಹಾಸದಲ್ಲಿ ಅವನ ಹೆಸರು ಕಂಡ ಮಾತ್ರಕ್ಕೆ ಅವನು ಆ ಊರಿನಲ್ಲಿ ವರ್ಷಗಟ್ಟಲೆ ಆಡಿದ್ದನೆಂದು ತಿಳಿಯಬಾರದು.

ಈಗ ಕಷ್ಟದ ಪ್ರಶ್ನೆ. 1937ರಲ್ಲಿ ತಂಡ ಕಟ್ಟಲು ದುಡ್ಡು ಕೊಟ್ಟದ್ದು ಊರಿನ ಕಾರ್ ಕಾರ್ಖಾನೆ, ಜನರಲ್ ಮೋಟರ್ಸ್. ‘ಜನರಲ್ಸ್’ ಎಂಬ ಹೆಸರು ಬಂದದ್ದು ಅಲ್ಲಿಂದ, ಸೇನಾಪತಿಗಳಿಂದಲ್ಲ. 1953ರ ಸೆಪ್ಟೆಂಬರಿನಲ್ಲಿ, ಋತು ಇನ್ನೇನು ಶುರುವಾಗಬೇಕು ಎನ್ನುವಾಗ, ಓಶವಾ ಅರೀನಾ ಸುಟ್ಟುಹೋಯಿತು. ಹುಲ್ಲಿನ ಹಾಕಿ ಬಲ್ಲ ನಮಗೆ ಇದರ ಪೆಟ್ಟು ತಟ್ಟನೆ ಅರ್ಥವಾಗುವುದಿಲ್ಲ. ಮೈದಾನ ಹಾಳಾದರೆ ಪಕ್ಕದ ಊರಿನ ಮೈದಾನವಿದೆ. ಐಸ್ ರಿಂಕ್ ಎಂದರೆ 200 ಅಡಿ ಉದ್ದ, 85 ಅಡಿ ಅಗಲದ ಕಾಂಕ್ರೀಟ್ ಹಾಸು. ಅದರೊಳಗೆ ಉದ್ದಕ್ಕೂ ಕೊಳವೆಗಳು, ಕೊಳವೆಗಳಲ್ಲಿ ಹರಿಯುವ ತಣ್ಣನೆಯ ಉಪ್ಪುನೀರು, ಅದನ್ನು ತಂಪು ಮಾಡುವ ಯಂತ್ರಕೋಣೆ. ಮೇಲಿನ ಮಂಜಿನ ಪದರ ಒಂದೂಕಾಲು ಅಂಗುಲ ಇದ್ದರೆ ಹೆಚ್ಚು. ಇಷ್ಟೂ ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಅಭ್ಯಾಸವಿಲ್ಲ. ಕುರ್ಚಿಗಳಿಲ್ಲದಿದ್ದರೆ ಟಿಕೆಟ್ ದುಡ್ಡಿಲ್ಲ. ಹೊಸ ಕಟ್ಟಡ ಏಳಲಿಲ್ಲ, ಆಟಗಾರರು ಬೇರೆ ತಂಡಗಳಿಗೆ ಹಂಚಿಹೋದರು. ಒಂಬತ್ತು ಚಳಿಗಾಲ ಓಶವಾ ಜನರಲ್ಸ್ ಎಂಬ ತಂಡವೇ ಇರಲಿಲ್ಲ.

1962ರಲ್ಲಿ ಅದು ಮತ್ತೆ ಹುಟ್ಟಿದ್ದಕ್ಕೆ ಊರಿನ ಅಭಿಮಾನದಷ್ಟೇ ಬಾಸ್ಟನ್ ಬ್ರುಯಿನ್ಸ್ ಎಂಬ ವೃತ್ತಿಪರ ತಂಡದ ಲೆಕ್ಕಾಚಾರವೂ ಕಾರಣ. ಆಗ ವೃತ್ತಿಪರ ಕ್ಲಬ್ಬುಗಳು ಜೂನಿಯರ್ ತಂಡಗಳನ್ನು ಸಾಕುತ್ತಿದ್ದವು. ‘ಸಿ ಫಾರಂ’ ಎಂಬ ಕಾಗದಕ್ಕೆ ಹುಡುಗ ಸಹಿ ಹಾಕಿದರೆ ಅವನ ಮೇಲಿನ ಹಕ್ಕು ಆ ಕ್ಲಬ್ಬಿಗೆ. ಬಾಸ್ಟನ್ ಕಡೆಯ ರೆನ್ ಬ್ಲೇರ್, ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನ 14 ವರ್ಷದ ಬಾಬಿ ಓರ್‌ನಿಂದ ಆ ಸಹಿ ಪಡೆದರು. ಅವನನ್ನು ಆಡಿಸಲು ಒಂದು ತಂಡ ಬೇಕಿತ್ತು. ಮೊದಲ ಋತುವಿನಲ್ಲಿ ಓರ್ ಊರಲ್ಲೇ ಇದ್ದು ಶಾಲೆಗೆ ಹೋಗುತ್ತ, ಪಂದ್ಯಕ್ಕೆ ಮಾತ್ರ ಕಾರಿನಲ್ಲಿ ಬರುತ್ತಿದ್ದ. ತಂಡಕ್ಕೂ ಸ್ವಂತ ಮನೆಯಿರಲಿಲ್ಲ, ಸಿವಿಕ್ ಆಡಿಟೋರಿಯಂ ತೆರೆದದ್ದು 1964ರಲ್ಲಿ. ರಕ್ಷಣಾ ಆಟಗಾರನಾಗಿದ್ದೂ ಓರ್ 1965-66ರಲ್ಲಿ 38 ಗೋಲು ಹೊಡೆದ. ಆ ವರ್ಷ ರಾಬರ್ಟ್‌ಸನ್ ಕಪ್ ಬಂತು, ಆದರೆ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಓರ್ ಗಾಯಗೊಂಡಿದ್ದ, ಎಡ್ಮಂಟನ್ ಆಯಿಲ್ ಕಿಂಗ್ಸ್ ಗೆದ್ದಿತು.

ಹಾಗಾದರೆ 1939ರ ಕಪ್ಪು 1962ರ ತಂಡದ್ದಾಗುವುದು ಹೇಗೆ? ಕಾಗದಪತ್ರ ನೋಡಿದರೆ ಆಗುವುದಿಲ್ಲ. ಇದಕ್ಕೆ ಸರಿಯಾಗಿ ಎದುರಾದ ಉದಾಹರಣೆ ಪಕ್ಕದಲ್ಲೇ ಇದೆ. ಏಳು ಮೆಮೋರಿಯಲ್ ಕಪ್ ಗೆದ್ದ ಟೊರಾಂಟೊ ಮಾರ್ಲ್‌ಬರೋಸ್ 1989ರಲ್ಲಿ ಹ್ಯಾಮಿಲ್ಟನ್‌ಗೆ ಹೋಗಿ ಡ್ಯೂಕ್ಸ್ ಆಯಿತು, 1991ರಲ್ಲಿ ಗ್ವೆಲ್ಫ್‌ಗೆ ಹೋಗಿ ಸ್ಟಾರ್ಮ್ ಆಯಿತು. ಹಕ್ಕುಪತ್ರ, ಅಂದರೆ ಲೀಗಿನಲ್ಲಿ ತಂಡ ನಡೆಸುವ ಹಕ್ಕು, ಎಲ್ಲೂ ಕಡಿಯಲಿಲ್ಲ. ಆದರೂ ಗ್ವೆಲ್ಫ್ ಆ ಏಳು ಕಪ್ಪುಗಳನ್ನು ತನ್ನವೆನ್ನುವುದಿಲ್ಲ. ಓಶವಾದಲ್ಲಿ ಹಕ್ಕುಪತ್ರ ಕಡಿದಿದೆ, ಊರು ಮತ್ತು ಹೆಸರು ಉಳಿದಿವೆ, ಕಪ್ಪುಗಳೂ ಉಳಿದಿವೆ. ಜೂನಿಯರ್ ತಂಡದ ಮಟ್ಟಿಗೆ ಊರು-ಹೆಸರಿನ ಲೆಕ್ಕವೇ ನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಇಲ್ಲಿ ಆಡುವವರು ಸುಮಾರು 16ರಿಂದ 20ರ ವಯಸ್ಸಿನವರು, 20 ತುಂಬಿದವರಿಗೆ ಮೂರೇ ಜಾಗ. ನಾಲ್ಕೈದು ವರ್ಷಕ್ಕೆ ಇಡೀ ತಂಡವೇ ಬದಲು. ನೀವು ಕೊಡಗಿನವರು, ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: 1997ರಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಕೌಟುಂಬಿಕ ಹಾಕಿಯಲ್ಲಿ ಆಡುವವರು ಬದಲಾಗುತ್ತಾರೆ, ಒಕ್ಕದ ಹೆಸರು ಆಡುತ್ತಲೇ ಇರುತ್ತದೆ.

ಆಟಗಾರರು ಬರುವ ದಾರಿಯೂ ಕಾಲಕಾಲಕ್ಕೆ ಬದಲಾಯಿತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಸಿ ಫಾರಂ ಕಾಲ ಮುಗಿಯಿತು. ಈಗ ಲೀಗಿನ ತಂಡಗಳು ಸರದಿಯಂತೆ ಹುಡುಗರನ್ನು ಆರಿಸುತ್ತವೆ. 1989ರಲ್ಲಿ ಎರಿಕ್ ಲಿಂಡ್ರಾಸ್‌ನನ್ನು ಸೂ ಸೇಂಟ್ ಮರಿ ತಂಡ ಆರಿಸಿತು. ಅವನು ಹೋಗಲೊಪ್ಪಲಿಲ್ಲ. ಓಶವಾ ಆಟಗಾರರು, ಮುಂದಿನ ಆಯ್ಕೆಯ ಸರದಿಗಳು, ಮೇಲೆ ನಗದು ಕೊಟ್ಟು ಅವನನ್ನು ತಂದಿತು. 1990ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಕಿಚನರ್ ವಿರುದ್ಧ ಎರಡನೇ ಹೆಚ್ಚುವರಿ ಅವಧಿಯಲ್ಲಿ 4-3ರಿಂದ ಮೆಮೋರಿಯಲ್ ಕಪ್ ಗೆದ್ದಿತು. ಕೊನೆಯ ಗೋಲು ಮಾತ್ರ ಲಿಂಡ್ರಾಸ್‌ನದಲ್ಲ, ಬಿಲ್ ಆರ್ಮ್‌ಸ್ಟ್ರಾಂಗ್‌ನದು. 2005ರಲ್ಲಿ ವಯಸ್ಸಿನ ನಿಯಮವನ್ನೇ ಸಡಿಲಿಸಿ ಜಾನ್ ಟವಾರೆಸ್‌ನನ್ನು 14ರಲ್ಲೇ ಆಯ್ಕೆಗೆ ಬಿಟ್ಟರು, ಮೊದಲ ಸರದಿ ಓಶವಾದ್ದಾಗಿತ್ತು. 2006-07ರಲ್ಲಿ ಅವನು 72 ಗೋಲು ಹೊಡೆದು, 16ರ ಹರೆಯದಲ್ಲಿ ವೇಯ್ನ್ ಗ್ರೆಟ್ಸ್‌ಕಿ ಹೊಡೆದಿದ್ದ 70ನ್ನು ದಾಟಿದ. ಕಪ್ಪು ಗೆಲ್ಲದೆಯೇ ಹೊರಟುಹೋದ. 2015ರ ಮೆಮೋರಿಯಲ್ ಕಪ್ ಬಂದದ್ದು ಆಂತೊನಿ ಸಿರೆಲಿ ಎಂಬ, ಆಗ ಅಷ್ಟೇನೂ ಹೆಸರಿಲ್ಲದ ಹುಡುಗನ ಎರಡು ಗೋಲುಗಳಿಂದ. ಎದುರಾಳಿ ಕೆಲೋನಾ, 2-1.

ಛಾವಣಿಯಲ್ಲಿ ತೂಗುವ 9 ಎಂಬ ಅಂಕಿ ಯಾರದೆಂದೂ ಕೇಳಿದ್ದೀರಿ. ಅದು ಜನರಲ್ಸ್‌ನ ಹಳೆಯ ಆಟಗಾರ ರೆಡ್ ಟಿಲ್‌ಸನ್‌ನ ಅಂಗಿಯ ಸಂಖ್ಯೆ. 1944ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸ್‌ನ ಯುದ್ಧಭೂಮಿಯಲ್ಲಿ ಮಡಿದ. ಲೀಗಿನ ಅತ್ಯುತ್ತಮ ಆಟಗಾರನಿಗೆ ಇಂದಿಗೂ ಕೊಡುವ ಟ್ರೋಫಿ ಅವನ ಹೆಸರಿನದೇ. ನೋಡಿ, ಈ ಅಂಕಿ 1953ಕ್ಕೂ ಹಿಂದಿನದು. ಅದನ್ನು ಬೇರಾರಿಗೂ ಕೊಡದೆ ನಿವೃತ್ತಿಯಲ್ಲಿಟ್ಟು ಕಾಯುತ್ತಿರುವುದು ಈಗಿನ ತಂಡ.

ಟೋಪಿಯನ್ನು ಧಾರಾಳವಾಗಿ ಹಾಕಿಕೊಳ್ಳಿ. ಕಳೆದ ಸಂಚಿಕೆಯ ಚೌಕದಲ್ಲಿ ಇದ್ದ ಸಾಲನ್ನು ಓದುಗರೆಲ್ಲರೂ ಹೀಗೆ ತಿದ್ದಿಕೊಳ್ಳಬೇಕಾಗಿ ಕೋರಿಕೆ: ‘ಓಶವಾ ಜನರಲ್ಸ್, ಸ್ಥಾಪನೆ 1937, 1953ರಿಂದ 1962ರವರೆಗೆ ಆಡಿಲ್ಲ, ರಾಬರ್ಟ್‌ಸನ್ ಕಪ್ 13, ಅದರಲ್ಲಿ ಸತತ 7, ಮೆಮೋರಿಯಲ್ ಕಪ್ 5.’