ಡಿಮ್ಯಾಂಡ್ ನೋಟಿಸ್ ಬಂದಿದೆ, ಕೋರ್ಟಿಗೆ ಹೋಗಬೇಕಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಕಚ್ಚಾ ಮಾಲು ಕೊಟ್ಟವರು ಬಡ್ಡಿ ಸೇರಿಸಿ 1.1 ಕೋಟಿ ಬಾಕಿ ಎಂದು ದಿವಾಳಿ ಕಾಯ್ದೆಯಡಿ ನೋಟಿಸ್ ಕಳಿಸಿದ್ದಾರೆ. ಮಾಲು ಕಳಪೆ ಅಂತ ನಾವು ಆಗಲೇ ಮೇಲ್ ಹಾಕಿದ್ದೆವು. ಕೋರ್ಟಿನಲ್ಲಿ ನೋಟಿಸ್ ರದ್ದು ಮಾಡಿಸಬಹುದಾ ಸರ್?

ಉತ್ತರ: ರದ್ದತಿಗೆ ಓಡಾಡಬೇಡಿ, ಮೊದಲು ಉತ್ತರ ಕೊಡಿ. ನೋಟಿಸ್ ಕೈಗೆ ಬಂದ ಮೇಲೆ 10 ದಿನ ಟೈಮ್, ಅಷ್ಟೇ. ಆ ಹಳೇ ಮೇಲ್, ರಿಜೆಕ್ಷನ್ ಸ್ಲಿಪ್, ಮಾಲು ವಾಪಸ್ ಕಳಿಸಿದ ಚಲನ್ ಎಲ್ಲ ಜೊತೆಗಿಡಿ. ತಾರೀಖು ನೋಡಿಕೊಳ್ಳಿ, ಯಾಕಂದ್ರೆ ತಕರಾರು ನೋಟಿಸಿಗಿಂತ ಮೊದಲೇ ಇರಬೇಕು, ಆಮೇಲೆ ಹುಟ್ಟಿಸಿದ್ದು ನಡೆಯಲ್ಲ. ಅವರು ಕಂಪನಿ ದಿವಾಳಿ ಕೇಸು ನೋಡುವ ನ್ಯಾಯಮಂಡಳಿಗೆ, ಅಂದ್ರೆ ಬೆಂಗಳೂರಿನ ಎನ್‌ಸಿಎಲ್‌ಟಿಗೆ ಅರ್ಜಿ ಹಾಕಿದರೆ ಇದೇ ದಾಖಲೆ ಇಟ್ಟು ವಿರೋಧಿಸಿ. ತಕರಾರಿನಲ್ಲಿ ಕೊನೆಗೆ ಗೆಲ್ಲೋದು ಯಾರು ಅಂತ ಅಲ್ಲಿ ತೀರ್ಮಾನಿಸಲ್ಲ, ಅದು ಸುಮ್ನೆ ನೆಪ ಅಲ್ಲ ಅನ್ನಿಸಿದರೆ ಸಾಕು, 2017ರ ಮೊಬಿಲಾಕ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ.

ಇನ್ನೊಂದು. ಇಂಥ ಅರ್ಜಿಗೆ ಕನಿಷ್ಠ 1 ಕೋಟಿ ಬಾಕಿ ಇರಬೇಕು. ನಿಮ್ಮ ಪರ್ಚೇಸ್ ಆರ್ಡರಿನಲ್ಲಿ ಬಡ್ಡಿಯ ಮಾತೇ ಇಲ್ಲ ಅಂದ್ರೆ, ಬಡ್ಡಿ ಸೇರಿಸಿ ಕೋಟಿ ದಾಟಿಸಿದ್ದನ್ನೂ ಖಂಡಿತ ಪ್ರಶ್ನಿಸಿ.