ಬೇಸಿಗೆಯಲ್ಲಿ ಗೃಹಜ್ಯೋತಿ ಇದ್ದ ಮನೆಗೂ ಪೂರ್ತಿ ಕರೆಂಟ್ ಬಿಲ್ ಯಾಕೆ ಬರುತ್ತದೆ?

ಆ ತಿಂಗಳು ನೀವು 200 ಯೂನಿಟ್ ದಾಟಿದ್ದೀರಿ, ಅದಕ್ಕೇ. ಮೊದಲ 200 ಯೂನಿಟ್ ಎಲ್ಲರಿಗೂ ಫ್ರೀ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ, ಅದರ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಉಚಿತ ಪಾಲು ಗೊತ್ತು ಮಾಡಿರುತ್ತಾರೆ. ಅದು 150 ಅಂತಿಟ್ಟುಕೊಳ್ಳಿ. 195 ಉರಿಸಿದರೆ ಮೇಲಿನ 45ಕ್ಕೆ ಮಾತ್ರ ದುಡ್ಡು. 205 ಆಯಿತೋ, ಅಷ್ಟಕ್ಕೂ ಕಟ್ಟಬೇಕು.

ಸೆಕೆಗಾಲದಲ್ಲಿ ಆ ಕೊನೆಯ ಹತ್ತು ಯೂನಿಟ್ ಗೊತ್ತೇ ಆಗದಂತೆ ಸೇರಿಬಿಡುತ್ತದೆ. ಪಾಪ, ಫ್ಯಾನನ್ನು ಸುಮ್ನೆ ಬೈಯಬೇಡಿ, 75 ವಾಟ್‌ನ ಫ್ಯಾನ್ ಸುಮಾರು ಹದಿಮೂರು ಗಂಟೆ ತಿರುಗಿದರೆ ಒಂದು ಯೂನಿಟ್. ಏಸಿ, ಫ್ರಿಜ್ ಕಥೆ ಬೇರೆ: ಹೊರಗೆ ಬಿಸಿ ಏರಿದಷ್ಟೂ ಅವುಗಳ ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ, ಹಾಗಾಗಿ ನೀವು ಎಂದಿನಂತೆ ಬಳಸಿದರೂ ಮೀಟರ್ ಮುಂದೆ ಹೋಗುತ್ತದೆ. ಇದರ ಮೇಲೆ, ಚಳಿಗಾಲದಲ್ಲಿ ಶುರುವಾದ ಗೀಸರ್ ಚಾಳಿ ಏಪ್ರಿಲ್‌ನಲ್ಲೂ ನಿಲ್ಲುವುದಿಲ್ಲ ಅಲ್ವಾ? ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ, ಆದರೂ ಎದ್ದ ತಕ್ಷಣ ಕೈ ಸ್ವಿಚ್ಚಿಗೆ ಹೋಗುತ್ತದೆ. 2000 ವಾಟ್‌ನ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಹೋಯಿತು.

ಹಿಂದಿನ ರೀಡಿಂಗ್ ಬಿಲ್ಲಿನಲ್ಲೇ ಇರುತ್ತದೆ. ಹದಿನೈದು ದಿನ ಆದ ಮೇಲೆ ಮೀಟರ್ ನೋಡಿ, ಅದನ್ನು ಕಳೆಯಿರಿ. ನೂರು ದಾಟಿದ್ದರೆ ಮೊದಲು ಗೀಸರ್ ನಿಲ್ಲಿಸಿ, ಏಸಿಯನ್ನು 20ರಿಂದ 25 ಡಿಗ್ರಿಗೆ ತನ್ನಿ.