ಗಂಡಸುತನದ ಡಾಕ್ಯುಮೆಂಟರಿ ತೋರಿಸಿ ಡೆಫಿನಿಷನ್ ಎಸ್ಸೇ ಬರೆಸುವುದು ಹೇಗೆ?

ಅಮೆರಿಕಕ್ಕೆ ಓದಲು ಬಂದ ನಿಮಗೆ ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸದ ಜೊತೆ ಮೊದಲ ವರ್ಷದವರಿಗೆ ಬರವಣಿಗೆ ಕಲಿಸುವ ಕಾಂಪೊಸಿಷನ್ ಕ್ಲಾಸೂ ಸಿಕ್ಕಿದೆ. ಡೆಫಿನಿಷನ್ ಎಸ್ಸೇಗೆ, ಅಂದರೆ ಒಂದು ಪದದ ಅರ್ಥ ಏನು ಅಂತ ವಾದಿಸುವ ಪ್ರಬಂಧಕ್ಕೆ, ಗಂಡಸುತನದ ಬಗೆಗಿನ ಡಾಕ್ಯುಮೆಂಟರಿ 'ಟಫ್ ಗೈಸ್' (Tough Guise, ಗೈಸ್ ಅಂದರೆ ವೇಷ) ತೋರಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ತೋರಿಸಿ. ನಾನೂ ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಇದೇ ಕೋರ್ಸ್ ಕಲಿಸುತ್ತೇನೆ, ಇದೇ ಚಿತ್ರ ತೋರಿಸುತ್ತೇನೆ.

ಆದರೆ 'ಗಂಡಸುತನ ಅಂದರೇನು?' ಅಂತ ಮಾತ್ರ ಪ್ರಶ್ನೆ ಕೊಡಬೇಡಿ. ಕೊಟ್ಟರೆ ಅರ್ಧ ಕ್ಲಾಸ್ ಚಿತ್ರದ ಸಾರಾಂಶ ಬರೆದು ತರುತ್ತದೆ. ಉಳಿದರ್ಧ 'ಅದು ಒಬ್ಬೊಬ್ಬರಿಗೆ ಒಂದೊಂದು ಥರ' ಅಂತ ಕೈ ತೊಳೆದುಕೊಳ್ಳುತ್ತದೆ. ಚಿಕ್ಕ ಪದ ಕೊಡಿ. ಟಫ್, ರೆಸ್ಪೆಕ್ಟ್, ರಿಯಲ್ ಮ್ಯಾನ್, ವಿಂಪ್ (ಪುಕ್ಕಲ), ಇವುಗಳಲ್ಲಿ ಒಂದನ್ನು ಅವರೇ ಆರಿಸಿಕೊಳ್ಳಲಿ.

ಚಿತ್ರ 1999ರದು. ನಿರ್ದೇಶನ ಸುಟ್ ಝಾಲಿ ಅವರದು, ಮಾತಾಡುವವರು ಗಂಡಸರ ಹಿಂಸೆಯ ವಿರುದ್ಧ ಕೆಲಸ ಮಾಡುವ ಜಾಕ್ಸನ್ ಕಾಟ್ಜ್. ಮೀಡಿಯಾ ಎಜುಕೇಷನ್ ಫೌಂಡೇಷನ್ ತಯಾರಿಸಿದ್ದು. ಕಾಟ್ಜ್ ವಾದ ಹೀಗಿದೆ: ಗಂಡಸರು ಹೊರಗೆ ತೋರಿಸುವ ಗಡಸುತನ ಒಂದು ವೇಷ. ಮೈಬಲ ತೋರಿಸಿ, ಹೊಡೆದು ಅಥವಾ ಹೊಡೆಯುವ ಹಾಗೆ ಹೆದರಿಸಿ, ನಾಲ್ಕು ಜನರಿಂದ ಗೌರವ ಗಿಟ್ಟಿಸುವ ವೇಷ. ಒಳಗಿನ ಅಳುಕು ಕಾಣದಿರಲಿ ಅಂತ ಹಾಕಿಕೊಳ್ಳುವುದು.

ಇದನ್ನು ಬೋರ್ಡ್ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಿ. ಕಾಟ್ಜ್ ಗಡಸುತನವನ್ನು ಯಾವ ಗುಂಪಿಗೆ ಸೇರಿಸಿದ್ದಾರೆ? ಸ್ವಭಾವ ಅನ್ನಲಿಲ್ಲ, ಕಾಯಿಲೆ ಅನ್ನಲಿಲ್ಲ, ವೇಷ ಅಂದರು. ಸ್ವಭಾವ ಅಂದಿದ್ದರೆ ಬದಲಾಯಿಸುವ ಮಾತೇ ಬರುತ್ತಿರಲಿಲ್ಲ. ಕಾಯಿಲೆ ಅಂದಿದ್ದರೆ ಔಷಧಿ ಹುಡುಕಬೇಕಾಗಿತ್ತು. ವೇಷವಾದರೆ ಕಳಚಿಡಬಹುದು, ಅಲ್ವಾ? ಇಡೀ ಚಿತ್ರದ ವಾದ ಆ ಒಂದು ಆಯ್ಕೆಯ ಮೇಲೆ ನಿಂತಿದೆ. ಅರಿಸ್ಟಾಟಲ್ ಕಾಲದಿಂದ ವ್ಯಾಖ್ಯೆಯ ದಾರಿ ಇದೇ: ಮೊದಲು ವಸ್ತು ಯಾವ ಗುಂಪಿನದು ಅಂತ ಹೇಳು, ಆಮೇಲೆ ಆ ಗುಂಪಿನ ಉಳಿದವುಗಳಿಂದ ಅದು ಹೇಗೆ ಬೇರೆ ಅಂತ ಹೇಳು. ಪಠ್ಯಪುಸ್ತಕದಲ್ಲಿ ಇದು ಒಣ ನಿಯಮ. ಇಲ್ಲಿ ಅದರಿಂದ ಏನು ಲಾಭ, ಏನು ನಷ್ಟ ಅಂತ ಮಕ್ಕಳಿಗೆ ಕಣ್ಣಿಗೆ ಕಾಣುತ್ತದೆ.

ಮುಂದಿನ ಹೆಜ್ಜೆಗೇ ಜಾಸ್ತಿ ಸಮಯ ಇಡಿ. ಗಡಿಯಲ್ಲಿ ನಿಂತ ಉದಾಹರಣೆಗಳನ್ನು ಕೊಡಿ. ಹೊತ್ತಿ ಉರಿಯುವ ಮನೆಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿ ಭಯ ಮುಚ್ಚಿಡುತ್ತಾನೆ. ಅದೂ ವೇಷವಾ, ಇಲ್ಲ ಕಲಿತ ಕೌಶಲವಾ? ಐಸಿಯು ನರ್ಸ್ ರೋಗಿಯ ಮುಂದೆ ಅಳುವುದಿಲ್ಲ. ಅವಳನ್ನು ಎಲ್ಲಿಗೆ ಸೇರಿಸುತ್ತೀರಿ? ಅಗ್ನಿಶಾಮಕದವನು ಯಾರನ್ನೂ ಹೆದರಿಸುತ್ತಿಲ್ಲವಲ್ಲ ಅಂತ ಒಬ್ಬರು ಅನ್ನುತ್ತಾರೆ. ಹಾಗಾದರೆ ಹೆದರಿಸುವುದು ಇದ್ದರೆ ಮಾತ್ರ ವೇಷವಾ ಅಂತ ಇನ್ನೊಬ್ಬರು ಕೇಳುತ್ತಾರೆ. ಅಲ್ಲಿಗೆ ಒಂದು ಮಾನದಂಡ ಸಿಕ್ಕಿತು. ಅದನ್ನು ಅಲ್ಲೇ ಬರೆಸಿಬಿಡಿ, ಅದೇ ಥೀಸಿಸ್, ಅಂದರೆ ಪ್ರಬಂಧದ ಮುಖ್ಯ ವಾದ ಆಗುತ್ತದೆ.

ಹುಡುಗರಲ್ಲಿ ಕೆಲವರು ಮುಖ ಗಂಟಿಕ್ಕಿಕೊಂಡು ಕೂರುತ್ತಾರೆ. ತಮ್ಮನ್ನೇ ಬೈಯುತ್ತಿದ್ದಾರೆ ಅನ್ನಿಸುತ್ತದೆ ಅವರಿಗೆ. ನಮ್ಮ ಜಗಳ ಕಾಟ್ಜ್ ಕೊಟ್ಟ ವ್ಯಾಖ್ಯೆಯ ಜೊತೆ, ನಿಮ್ಮ ಜೊತೆ ಅಲ್ಲ ಅಂತ ಮೊದಲ ದಿನವೇ ಹೇಳಿ. ಗಡಸುತನ ವೇಷ ಅಲ್ಲ ಅಂತ ಒಬ್ಬ ಗಟ್ಟಿಯಾಗಿ ವಾದಿಸಿದರೆ ಅವನಿಗೂ ಎ ಕೊಡಿ. ಮಾನದಂಡ ಸ್ಪಷ್ಟವಾಗಿದೆಯಾ, ಕಷ್ಟದ ಉದಾಹರಣೆಗೆ ಅದನ್ನು ಹಚ್ಚಿ ನೋಡಿದ್ದಾನಾ ಅನ್ನುವುದಕ್ಕೆ ನಾನು ಅಂಕ ಕೊಡುತ್ತೇನೆ. ವೆಬ್‌ಸ್ಟರ್ ಡಿಕ್ಷನರಿಯ ಸಾಲಿನಿಂದ ಶುರುವಾಗುವ ಪೇಪರ್ ಮಾತ್ರ ವಾಪಸ್!

ಪೂರ್ತಿ ಚಿತ್ರ ಸುಮಾರು 80 ನಿಮಿಷ. ನಿಮ್ಮ ಕ್ಲಾಸ್ 50 ಅಥವಾ 75 ನಿಮಿಷದ್ದಿರುತ್ತದೆ. ಆರಿಸಿ ತೋರಿಸಿ. ನಿಜವಾದ ಗಂಡಸು ಹೇಗಿರಬೇಕು ಅಂತ ಹುಡುಗರು ಒಂದೊಂದೇ ಪದ ಹೇಳುವ ಆರಂಭದ ಭಾಗ ಬೇಕೇ ಬೇಕು. ಅದಕ್ಕೆ ಮುಂಚೆ ನಿಮ್ಮ ವಿದ್ಯಾರ್ಥಿಗಳೂ ತಮ್ಮ ಪಟ್ಟಿ ಬರೆದಿಟ್ಟುಕೊಂಡಿರಲಿ. ಶಾಲೆಗಳಲ್ಲಿ ಗುಂಡು ಹಾರಿಸಿದವರು ಹುಡುಗರೇ ಆದರೂ ಪತ್ರಿಕೆಗಳು ಸುಮ್ನೆ 'ಮಕ್ಕಳು' ಅಂತ ಬರೆದದ್ದನ್ನು ಕಾಟ್ಜ್ ಎತ್ತಿ ತೋರಿಸುವ ಭಾಗವನ್ನೂ ಬಿಡಬೇಡಿ. ಆಯ್ದುಕೊಂಡ ಪದ ಏನನ್ನು ಮರೆಮಾಡುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜಿ.ಐ. ಜೋ ಅನ್ನುವ ಸೈನಿಕನ ಆಟದ ಗೊಂಬೆಯ ತೋಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಗುವ ಭಾಗ ಎಲ್ಲರಿಗೂ ಇಷ್ಟ. ಸಮಯ ಇದ್ದರೆ ನೋಡಿ.

ಹಿಂಸೆಯ ದೃಶ್ಯಗಳಿವೆ. ಹಿಂದಿನ ಕ್ಲಾಸಿನಲ್ಲೇ ತಿಳಿಸಿ, ಬೇಡ ಅನ್ನುವವರಿಗೆ ಟ್ರಾನ್ಸ್‌ಕ್ರಿಪ್ಟ್ ಕೊಡಿ. ಅದು ಫೌಂಡೇಷನ್ನಿನ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ.

ಚಿತ್ರ ಹಳೆಯದಾಯಿತಲ್ಲ ಅನ್ನುವ ನಿಮ್ಮ ಅನುಮಾನ ಸರಿಯೇ. ನಿಮ್ಮ ವಿದ್ಯಾರ್ಥಿಗಳು ಹುಟ್ಟುವ ಮುಂಚಿನದು. 2013ರಲ್ಲಿ 'ಟಫ್ ಗೈಸ್ 2' ಬಂದಿದೆ, ಬೇಕಾದರೆ ಅದನ್ನು ತೋರಿಸಬಹುದು. ನಾನು ಹಳೆಯದನ್ನೇ ಇಟ್ಟುಕೊಂಡಿದ್ದೇನೆ. ಕಾಟ್ಜ್‌ಗೆ ಆಗ ಗೊತ್ತಿರಲು ಸಾಧ್ಯವೇ ಇಲ್ಲದ ಒಂದು ಉದಾಹರಣೆ ತನ್ನಿ ಅಂತ ಹೇಳುತ್ತೇನೆ. ಜಿಮ್ ವಿಡಿಯೊ, ಗೇಮಿಂಗ್ ಚಾಟ್, ಪಾಡ್‌ಕಾಸ್ಟ್, ಏನಾದರೂ ಸರಿ. ಅದಕ್ಕೆ ಆ ವ್ಯಾಖ್ಯೆ ಹೊಂದುತ್ತದಾ ನೋಡುವುದೇ ಅವರ ಎರಡನೇ ಡ್ರಾಫ್ಟ್.